ಕುರ್ಚಿಯ ಕೆಲಸ, ದೇಹದ ಹಕ್ಕು

ಹೆಣ್ಣುಮಕ್ಕಳು ಓದಿ ಉದ್ಯೋಗಕ್ಕೆ ಹೋಗುವುದು ಈಗ ಕೇವಲ ನಗರಗಳ ಮಾತಲ್ಲ. ರಾಯಚೂರು ಜಿಲ್ಲೆಯ ಮಸ್ಕಿ ತಾಲೂಕಿನ ಪಾಮನಕಲ್ಲೂರಿನಂತಹ ಊರುಗಳಿಂದಲೂ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಕಡೆಗೆ ಬಸ್ಸು ಹತ್ತುವ ಯುವತಿಯರಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ನಂತರ ಬಸ್ ಚಾರ್ಜಿನ ಚಿಂತೆಯೂ ತಪ್ಪಿದೆ. ಬ್ಯಾಂಕು, ಸೊಸೈಟಿ, ಪಂಚಾಯತಿ, ಆಸ್ಪತ್ರೆಯ ಕೌಂಟರು, ಶಾಲೆಯ ಕಚೇರಿ ಹೀಗೆ ಕೆಲಸ ಯಾವುದೇ ಇರಲಿ, ಹೆಚ್ಚಿನವರದ್ದು ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ. ಬಸ್ಸಿನಲ್ಲಿ ಕುಳಿತು ಹೋಗಿ, ಕಚೇರಿಯಲ್ಲಿ ಕುಳಿತು ದುಡಿದು, ಮತ್ತೆ ಕುಳಿತೇ ಮನೆಗೆ ಮರಳುವ ಬದುಕು.

ಇದೇ ಊರಿನ ಅಜ್ಜಿಯರ ದಿನ ಹೀಗಿರಲಿಲ್ಲ. ಅವರು ಬೀಸುಕಲ್ಲು ಬೀಸಿದರು, ಕೊಡ ಹೊತ್ತು ನೀರು ತಂದರು, ಹೊಲದಲ್ಲಿ ಕಳೆ ತೆಗೆದರು, ಹತ್ತಿ ಬಿಡಿಸಿದರು, ಕಾಲುವೆಯ ನೀರು ಬಂದ ಕಡೆ ಭತ್ತದ ನಾಟಿ ಮಾಡಿದರು. ಆ ದುಡಿಮೆ ಕಷ್ಟದ್ದಾಗಿತ್ತು. ಅದು ಮರಳಿ ಬರಲಿ ಎಂದು ಯಾರೂ ಬಯಸಬೇಕಾಗಿಲ್ಲ. ಆದರೆ ಮೊಮ್ಮಗಳ ದೇಹವೂ ಅಜ್ಜಿಯ ದೇಹದಂತೆಯೇ ಚಲನೆಗಾಗಿ ರಚಿಸಲ್ಪಟ್ಟದ್ದು. ಇಪ್ಪತ್ತೈದರ ಪ್ರಾಯದಲ್ಲೇ ಸೊಂಟ ನೋವು, ಕುತ್ತಿಗೆ ನೋವು, ಮೆಟ್ಟಿಲು ಹತ್ತಿದರೆ ಏದುಸಿರು ಏಕೆ ಎಂಬ ಪ್ರಶ್ನೆಗೆ ಉತ್ತರ ಬಹಳಷ್ಟು ಇಲ್ಲಿದೆ.

ಒಂದೇ ಬಸ್ಸು, ಎರಡು ಕೆಲಸ

ಕುಳಿತು ಮಾಡುವ ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಬಸ್ಸೇ. ಲಂಡನ್ನಿನ ವೈದ್ಯ ಜೆರ್ರಿ ಮೋರಿಸ್ ಮತ್ತು ಅವರ ಸಂಗಡಿಗರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ 1953ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಚಾಲಕರು ಇಡೀ ದಿನ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದಯದ ಕಾಯಿಲೆ ಚಾಲಕರಲ್ಲಿ ಹೆಚ್ಚಿತ್ತು, ನಿರ್ವಾಹಕರಲ್ಲಿ ಕಡಿಮೆಯಿತ್ತು.

ಕಾರಣ ಸರಳ. ನಮ್ಮ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಕಾಲಿನ ಮೀನಖಂಡಗಳು ರಕ್ತವನ್ನು ಮೇಲಕ್ಕೆ ದೂಡುತ್ತವೆ. ಗಂಟೆಗಟ್ಟಲೆ ಕುಳಿತಾಗ ಈ ಎರಡೂ ಕೆಲಸಗಳು ಮಂದವಾಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜಿಸಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಭಾರತದ ಪುರುಷರಲ್ಲಿ ಶೇ. 42ರಷ್ಟಾದರೆ ಮಹಿಳೆಯರಲ್ಲಿ ಶೇ. 57ರಷ್ಟು.

ಆರೋಗ್ಯವೂ ಅಮಾನತು

ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆರಾಧನೆಯಲ್ಲಿ ಮುಳುಗಿ ದೇಹವನ್ನು ಕಡೆಗಣಿಸಿದ ಸಂಗಾತಿಗೂ ಅವರು ಇದನ್ನೇ ನೆನಪಿಸಿದರು. ದುರ್ಬಲ ವಿಶ್ವಾಸಿಗಿಂತ ಬಲಶಾಲಿ ವಿಶ್ವಾಸಿಯು ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ತಿಳಿಸಿದರು.

ವ್ಯಾಯಾಮ ಗಂಡಸರಿಗೆ ಮಾತ್ರ ಎನ್ನುವವರು ಹಝ್ರತ್ ಆಯಿಶಾ(ರ)ರ ವೃತ್ತಾಂತವನ್ನು ನೆನಪಿಸಿಕೊಳ್ಳಬೇಕು. ಒಂದು ಪ್ರಯಾಣದಲ್ಲಿ ಅವರು ಪ್ರವಾದಿಯವರೊಂದಿಗೆ(ಸ) ಓಟದ ಸ್ಪರ್ಧೆ ನಡೆಸಿ ಗೆದ್ದರು. ಮುಂದೆ ಮೈ ತುಂಬಿಕೊಂಡ ಕಾಲದಲ್ಲಿ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದು, ಹಿಂದಿನ ಸೋಲಿಗೆ ಇದು ಸರಿಹೋಯಿತೆಂದರು. ಪತಿ-ಪತ್ನಿಯ ಆ ಸಲಿಗೆಯಲ್ಲಿ ದೇಹದ ಚಟುವಟಿಕೆಗೂ ಸ್ಥಾನವಿತ್ತು.

ಮನೆಗೆಲಸ ಸಾಲದೇ?

‘ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತೇನೆ, ಮತ್ತೇಕೆ ವ್ಯಾಯಾಮ?’ ಇದು ನ್ಯಾಯವಾದ ಪ್ರಶ್ನೆ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ನೀರು ಹೊರುವುದು ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಒಲೆಯ ಮುಂದೆ ನಿಂತು ರೊಟ್ಟಿ ಸುಡುವುದು ದಣಿವು ತರುತ್ತದೆಯೇ ಹೊರತು ಹೃದಯಕ್ಕೆ ವ್ಯಾಯಾಮ ಕೊಡುವುದಿಲ್ಲ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ವೇಗದ ಚಟುವಟಿಕೆ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ಚಟುವಟಿಕೆ ಮತ್ತು ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೆಯ ನಿಯಮವನ್ನು ಸಂಸ್ಥೆ ಆಗ ಕೈಬಿಟ್ಟಿತು. ಅಂದರೆ ಐದು ನಿಮಿಷದ ಬಿರುಸು ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಸಮಯವಿಲ್ಲದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಸಮಾಧಾನ.

ಆರಂಭ ಸುಲಭ, ಮುಂದುವರಿಕೆ ಕಷ್ಟ

ಹತ್ತು ದಿನ ಉತ್ಸಾಹದಿಂದ ನಡೆದು ಹನ್ನೊಂದನೆಯ ದಿನ ಕೈಬಿಡುವವರೇ ಹೆಚ್ಚು. ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವಂಥದ್ದು ಎಂಬ ಪ್ರವಾದಿ ವಚನದ(ಸ) ಪಾಠ ಇಲ್ಲಿಯೂ ದಾರಿ ತೋರುತ್ತದೆ. ವ್ಯಾಯಾಮಕ್ಕೆಂದು ಬೇರೆ ಹೊತ್ತು ಹುಡುಕಿದರೆ ಅದು ಸಿಗುವುದಿಲ್ಲ. ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ಅದನ್ನು ಕಟ್ಟಿಬಿಡಬೇಕು.

ನಮಾಝ್ ಆರಾಧನೆ, ಅದನ್ನು ವ್ಯಾಯಾಮವೆಂದು ಕರೆಯಬೇಕಾಗಿಲ್ಲ. ಆದರೆ ದಿನವನ್ನು ಐದು ಭಾಗ ಮಾಡಿ ಎಬ್ಬಿಸುವ ಗಡಿಯಾರ ನಮ್ಮ ಬಳಿ ಇದೆ. ಫಜ್ರ್ ಬಳಿಕ ಹತ್ತು ನಿಮಿಷ, ಬಸ್ ನಿಲ್ದಾಣಕ್ಕೆ ಹೋಗಿ ಬರುವಾಗ ಬಿರುಸಾಗಿ ಹತ್ತು ನಿಮಿಷ, ರಾತ್ರಿ ಊಟದ ನಂತರ ಹತ್ತು ನಿಮಿಷ. ವಾರದಲ್ಲಿ ಐದು ದಿನ ಹೀಗೆ ನಡೆದರೆ 150 ನಿಮಿಷ ತುಂಬಿತು. ಎಪ್ರಿಲ್-ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹಗಲು ನಡಿಗೆ ಬೇಡ. ಮುಂಜಾನೆ ಅಂಗಳ, ಇಶಾ ಬಳಿಕ ಮಾಳಿಗೆ ಸಾಕು. ರಮಝಾನಿನಲ್ಲಿ ಇಫ್ತಾರ್ ನಂತರ ಹಗುರವಾಗಿ ನಡೆದರೆ ರೂಢಿ ತಪ್ಪುವುದಿಲ್ಲ.

ಸ್ನಾಯುಗಳ ಬಲಕ್ಕೆ ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಅಂಗೈ ಊರಿ ದೇಹವನ್ನು ಹಿಂದೆ ಮುಂದೆ ಮಾಡುವುದು, ಹಿಮ್ಮಡಿ ಎತ್ತಿ ಇಳಿಸುವುದು, ನೀರು ತುಂಬಿದ ಬಾಟಲಿ ಎತ್ತುವುದು ಇವೆಲ್ಲ ಕೋಣೆಯೊಳಗೇ ಸಾಧ್ಯ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಬೇಕು. ತಪ್ಪಿತೆಂದು ಬಿಟ್ಟುಬಿಡುವುದೇ ನಿಜವಾದ ಸೋಲು.

ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿರಿ, ಫೋನ್ ಬಂದಾಗ ನಿಂತು ಮಾತನಾಡಿ. ಸಂಜೆಯ ಮಂಡಕ್ಕಿ ಒಗ್ಗರಣೆ-ಮಿರ್ಚಿ ಮತ್ತು ಸಕ್ಕರೆ ಹೆಚ್ಚಾದ ಚಹಾ ದಿನದ ರೂಢಿಯಾಗದಿರಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ ಇರುವ ನಮ್ಮ ಡಬ್ಬಿ ಯಾವ ಡಯಟ್‌ಗಿಂತಲೂ ಕಡಿಮೆಯಲ್ಲ. ಶೌಚಾಲಯ ಸರಿಯಿಲ್ಲವೆಂದು ದಿನವಿಡೀ ನೀರು ಕುಡಿಯದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಇದು ಮೂತ್ರದ ಸೋಂಕಿಗೆ ದಾರಿ. ಶುಚಿಯಾದ ಶೌಚಾಲಯ ಕೇಳುವುದು ನಾಚಿಕೆಯ ವಿಷಯವಲ್ಲ, ದುಡಿಯುವವಳ ಹಕ್ಕು.

ಸದಾ ಸುಸ್ತು ಎನ್ನುವವರು ಮೊದಲು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಶೇ. 57ರಷ್ಟು ಭಾರತೀಯ ಮಹಿಳೆಯರಲ್ಲಿ ರಕ್ತಹೀನತೆ ಕಂಡುಬಂದಿತ್ತು. ಸುಸ್ತೆಲ್ಲ ಸೋಮಾರಿತನವಲ್ಲ. ಎದೆನೋವು, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸಬೇಕು.

ಮನೆಯವರ ಪಾಲು

ಯುವತಿಯೊಬ್ಬಳ ಛಲ ಮುರಿಯುವುದು ಹೆಚ್ಚಾಗಿ ಅವಳ ಮನಸ್ಸಿನಲ್ಲಲ್ಲ, ಮನೆಯಲ್ಲಿ. ಮಗ ಕ್ರಿಕೆಟ್ ಆಡಿ ಬಂದರೆ ತಟ್ಟೆ ಮುಂದಿಡುವ ನಾವು, ಮಗಳೋ ಸೊಸೆಯೋ ಹತ್ತು ನಿಮಿಷ ಮಾಳಿಗೆ ಹತ್ತಿದರೆ ‘ಕೆಲಸ ಬಿಟ್ಟು ಎಲ್ಲಿ ಹೋದೆ?’ ಎನ್ನುತ್ತೇವೆ. ಹುಡುಗಿ ನೋಡಲು ಬರುವವರಿಗಾಗಿ ‘ತೆಳ್ಳಗಾಗು’ ಎನ್ನುತ್ತೇವೆ, ಮದುವೆಯಾದ ಮೇಲೆ ಮರೆತುಬಿಡುತ್ತೇವೆ. ವ್ಯಾಯಾಮ ಚೆಂದಕ್ಕಲ್ಲ, ಬಲಕ್ಕೆ. ತೂಕದ ಯಂತ್ರ ಎರಡು ತಿಂಗಳು ಅಲುಗಾಡದಿರಬಹುದು. ಆದರೆ ನಿದ್ದೆ, ಉಸಿರು, ಬೆನ್ನು ಮೊದಲೇ ಸಾಕ್ಷಿ ಹೇಳುತ್ತವೆ.

ಪತಿ ಒಂದು ಹೊತ್ತಿನ ಪಾತ್ರೆ ತೊಳೆಯಲಿ. ಮನೆಗೆಲಸದಲ್ಲಿ ನೆರವಾಗುವುದು ಪ್ರವಾದಿಯವರ(ಸ) ಚರ್ಯೆಯೇ ಆಗಿತ್ತು. ಅತ್ತೆ-ಸೊಸೆ, ನಾದಿನಿ-ಅತ್ತಿಗೆ ಜೊತೆಯಾಗಿ ನಡೆಯಲಿ. ಒಂಟಿಯಾಗಿ ಹೊರಡಲು ಸಂಕೋಚಪಡುವವಳಿಗೆ ಜೊತೆ ಸಿಗುತ್ತದೆ, ಅತ್ತೆಯ ಮೊಣಕಾಲಿಗೂ ಒಳಿತಾಗುತ್ತದೆ.

ಸಹೋದರಿಯರೇ, ಮನೆಗೆ ಸಂಬಳ ತರುವ ಮಗಳ ಬಗ್ಗೆ ನಾವು ಹೆಮ್ಮೆ ಪಡುತ್ತೇವೆ. ಆ ಸಂಬಳ ನಾಳೆ ಔಷಧಿ ಅಂಗಡಿಗೆ ಸೇರಬಾರದೆಂದಿದ್ದರೆ ಇಂದು ಅವಳಿಗೆ ದಿನದ ಅರ್ಧ ಗಂಟೆಯನ್ನು ಬಿಟ್ಟುಕೊಡಬೇಕು. ಅದು ಉಪಕಾರವಲ್ಲ, ಅವಳ ದೇಹದ ಹಕ್ಕು.