ಬೆಂಕಿ ಹಚ್ಚಿ ತಂಪು ಪಡೆಯುವ ಪೆಟ್ಟಿಗೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ನವಲಗುಂದ, ನರಗುಂದ ಹಿಂದೆ ಬಿಟ್ಟು ಮಲಪ್ರಭೆ ದಾಟಿದ ಮೇಲೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆಗೆ ಹೊರಟವರು ಇಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಬೇಕು. ಗಾಡಿಯಲ್ಲೇ ಸಂಸಾರ ಹೂಡುವುದು ಈ ದಾರಿಗೆ ಹೊಸದಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಬಂದವರು ಬಂಡಿಯ ಪಕ್ಕದಲ್ಲೇ ಒಲೆ ಹೂಡಿ ದಿನಗಟ್ಟಲೆ ಇರುತ್ತಿದ್ದರು. ಅವರ ಬುತ್ತಿಯಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ತಂಪು ಬೇಕಿರಲಿಲ್ಲ. ಈಗ ಕ್ಯಾರವಾನಿನಲ್ಲಿ ಬರುವವರ ಜೊತೆ ಹಾಲು, ಬೆಣ್ಣೆ, ಹಸಿ ತರಕಾರಿ, ಕೆಲವೊಮ್ಮೆ ಇನ್ಸುಲಿನ್ ಕೂಡ ಇರುತ್ತದೆ. ಏಪ್ರಿಲ್‌ನಲ್ಲಿ ಬಾದಾಮಿಯ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಅವೆಲ್ಲ ಕೆಡದಂತೆ ಇಡಬೇಕಾದದ್ದು ಗಾಡಿಯ ಫ್ರಿಜ್.

ಗಾಡಿಯ ಫ್ರಿಜ್‌ಗಳಲ್ಲಿ ಎರಡು ಜಾತಿ. ನಮ್ಮಲ್ಲಿ ಕಟ್ಟುವ ಕ್ಯಾರವಾನುಗಳಲ್ಲಿ ಹೆಚ್ಚಾಗಿ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್ ಇರುತ್ತದೆ. ಯುರೋಪ್, ಅಮೆರಿಕದಲ್ಲಿ ತಯಾರಾದ ಗಾಡಿಗಳಲ್ಲಿ, ಅಲ್ಲಿಂದ ರಸ್ತೆ ಹಿಡಿದು ಬರುವ ಪ್ರವಾಸಿಗಳ ಹಳೆಯ ವ್ಯಾನುಗಳಲ್ಲಿ, ಗ್ಯಾಸ್ ಸಿಲಿಂಡರಿನಿಂದ ನಡೆಯುವ ಫ್ರಿಜ್ ಸಾಮಾನ್ಯ. ಈ ಅಧ್ಯಾಯ ಎರಡನೆಯದರ ಬಗ್ಗೆ.

ಒಳಗೆ ನಡೆಯುವುದೇನು

ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದು ಹೀಗೆಯೇ. ಗ್ಯಾಸ್ ಫ್ರಿಜ್‌ನಲ್ಲಿ ನೀರಿನ ಬದಲು ಅಮೋನಿಯಾ ಆವಿಯಾಗುತ್ತದೆ. ಸಾಮಾನ್ಯ ವಾಯುಒತ್ತಡದಲ್ಲಿ ಅದು ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ವಸ್ತು. ಆವಿಯಾದದ್ದನ್ನು ಹಿಡಿದು ಮತ್ತೆ ದ್ರವ ಮಾಡುವುದೇ ಕಷ್ಟದ ಕೆಲಸ. ಮನೆಯ ಫ್ರಿಜ್‌ನಲ್ಲಿ ಆ ಕೆಲಸ ಕಂಪ್ರೆಸರಿನದು, ಇಲ್ಲಿ ಬೆಂಕಿಯದು.

ಫ್ರಿಜ್‌ನ ಬೆನ್ನಿಗೆ ಒಂದು ಕೊಳವೆ ಜಾಲ ಅಂಟಿಕೊಂಡಿರುತ್ತದೆ. ಅದರ ಕೆಳಭಾಗದಲ್ಲಿ ನೀರಿನಲ್ಲಿ ಕರಗಿದ ಅಮೋನಿಯಾವನ್ನು ಪುಟ್ಟ ಬರ್ನರ್ ಕಾಯಿಸುತ್ತದೆ. ಅಮೋನಿಯಾ ಗುಳ್ಳೆಯಾಗಿ, ಜೊತೆಗೆ ನೀರನ್ನೂ ತಳ್ಳಿಕೊಂಡು ಮೇಲೇರುತ್ತದೆ. ದಾರಿಯಲ್ಲಿ ನೀರು ಬೇರೆಯಾಗಿ ಕೆಳಗಿಳಿಯುತ್ತದೆ. ಅಮೋನಿಯಾ ಮೇಲಿನ ರೆಕ್ಕೆಗಳಿರುವ ಕೊಳವೆಗೆ ಹೋಗಿ, ಹೊರಗಾಳಿಗೆ ಬಿಸಿ ಬಿಟ್ಟು, ದ್ರವವಾಗುತ್ತದೆ. ಅಲ್ಲಿಂದ ಪೆಟ್ಟಿಗೆಯ ಒಳಬದಿಯ ಕೊಳವೆಗೆ ಇಳಿದಾಗ ಅಲ್ಲಿ ಹೈಡ್ರೋಜನ್ ಅನಿಲ ತುಂಬಿರುತ್ತದೆ. ಜಾಲದೊಳಗಿನ ಒತ್ತಡ ಎಲ್ಲೆಡೆ ಒಂದೇ ಆದರೂ, ಹೈಡ್ರೋಜನ್ ಅದರ ದೊಡ್ಡ ಪಾಲನ್ನು ಹೊತ್ತುಕೊಳ್ಳುವುದರಿಂದ ಅಮೋನಿಯಾದ ಪಾಲಿಗೆ ಉಳಿಯುವ ಒತ್ತಡ ಕಡಿಮೆ. ಹಾಗಾಗಿ ಅದು ಕಡಿಮೆ ಉಷ್ಣತೆಯಲ್ಲೇ ಆವಿಯಾಗಿ ಪೆಟ್ಟಿಗೆಯೊಳಗಿನ ಶಾಖ ಹೀರುತ್ತದೆ. ಆಮೇಲೆ ಕೆಳಗೆ ಇಳಿದು ಬರುವ ನೀರು ಅಮೋನಿಯಾವನ್ನು ಮರಳಿ ಕರಗಿಸಿಕೊಳ್ಳುತ್ತದೆ, ಹೈಡ್ರೋಜನ್ ಹಿಂದಿರುಗುತ್ತದೆ, ಸುತ್ತು ಮತ್ತೆ ಮೊದಲಾಗುತ್ತದೆ.

ಅಮೋನಿಯಾ ಮತ್ತು ನೀರಿನ ಜೋಡಿಯಿಂದ ತಂಪು ಮಾಡುವ ಯಂತ್ರವನ್ನು 1859ರ ಹೊತ್ತಿಗೇ ಫ್ರಾನ್ಸಿನ ಫರ್ಡಿನಾಂಡ್ ಕಾರೆ ರೂಪಿಸಿದ್ದ. ಅದಕ್ಕೆ ಪಂಪು ಬೇಕಿತ್ತು. ಹೈಡ್ರೋಜನ್ ಸೇರಿಸಿ ಪಂಪನ್ನು ಕೈಬಿಟ್ಟವರು 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1925ರಿಂದ ಎಲೆಕ್ಟ್ರೋಲಕ್ಸ್ ಇದನ್ನು ತಯಾರಿಸತೊಡಗಿತು. ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಕೂಡ ಪಂಪಿಲ್ಲದ ಬೇರೊಂದು ಬಗೆಯ ಫ್ರಿಜ್‌ಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದು ಮಾರುಕಟ್ಟೆಗೆ ಬರಲಿಲ್ಲ. ಪ್ಲಾಟೆನ್–ಮುಂಟರ್ಸ್ ವಿನ್ಯಾಸ ಇಂದಿಗೂ ಕ್ಯಾರವಾನಿನಲ್ಲಿದೆ, ಸದ್ದಿಲ್ಲದ ಕಾರಣಕ್ಕೆ ಹೋಟೆಲು ಕೋಣೆಗಳ ಪುಟ್ಟ ಫ್ರಿಜ್‌ಗಳಲ್ಲೂ ಇದೆ.

ಕೊಳವೆ ಜಾಲದಲ್ಲಿ ಅಲುಗಾಡುವ ಭಾಗ ಒಂದೂ ಇಲ್ಲ. ದ್ರವ ಇಳಿಜಾರಿನಲ್ಲಿ ತಾನೇ ಹರಿಯಬೇಕು, ಬಿಸಿ ತಾನೇ ಗಾಳಿಗೆ ಹೋಗಬೇಕು, ಉರಿ ಒಂದೇ ಸಮನೆ ಇರಬೇಕು. ಮಟ್ಟ, ಗಾಳಿ, ಉರಿ: ನಿರ್ವಹಣೆಯೆಲ್ಲ ಈ ಮೂರರಲ್ಲಿದೆ.

ಮಟ್ಟ

ಗಾಡಿ ಓಡುತ್ತಿರುವಾಗ ವಾಲಿದರೂ ಕುಲುಕಾಟಕ್ಕೆ ದ್ರವ ಅತ್ತಿತ್ತ ಹೋಗಿ ಸರಿಹೋಗುತ್ತದೆ. ತೊಂದರೆ ಬರುವುದು ವಾಲಿಸಿ ನಿಲ್ಲಿಸಿ, ಫ್ರಿಜ್ ಹಚ್ಚಿಟ್ಟು, ರಾತ್ರಿ ಕಳೆದಾಗ. ದ್ರವ ಎಲ್ಲೋ ಒಂದು ಬಾಗಿನಲ್ಲಿ ನಿಂತುಬಿಡುತ್ತದೆ. ಬರ್ನರ್ ಮೇಲಿನ ಕೊಳವೆ ಒಣಗಿ ಮಿತಿಮೀರಿ ಕಾಯುತ್ತದೆ. ಕೊಳವೆಗೆ ತುಕ್ಕು ಹಿಡಿಯದಂತೆ ಬೆರೆಸಿರುವ ಸೋಡಿಯಂ ಕ್ರೋಮೇಟ್ ಆಗ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಒಮ್ಮೆ ಹೀಗೆ ಮುಚ್ಚಿದ ಜಾಲ ತೆರೆಯುವುದಿಲ್ಲ. ಫ್ರಿಜ್ ಬಿಚ್ಚಿ ತಲೆಕೆಳಗೆ ಮಾಡಿ ಇಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ದ್ರವ ಮಾತ್ರ ನಿಂತಿದ್ದರೆ ಕೆಲವೊಮ್ಮೆ ಫಲ ಸಿಗಬಹುದು, ಹರಳು ಕಟ್ಟಿದ್ದರೆ ಸಿಗದು.

ಹಳೆಯ ಫ್ರಿಜ್‌ಗಳು ಪಕ್ಕಕ್ಕೆ ಸುಮಾರು 3 ಡಿಗ್ರಿ ವಾಲಿದರೆ ತಡೆದುಕೊಳ್ಳುತ್ತವೆ, ಹೆಚ್ಚಿಲ್ಲ. ಮೀಟರಿಗೆ ಸುಮಾರು 5 ಸೆಂಟಿಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಗೌಂಡಿಗಳು ಬಳಸುವ ರಸಮಟ್ಟ ಒಂದನ್ನು ಗಾಡಿಯಲ್ಲಿಟ್ಟುಕೊಳ್ಳಿ. ಫ್ರೀಜರಿನ ತಳದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಬೇಕಾದ ಚಕ್ರದ ಕೆಳಗೆ ಹಲಗೆ ಕೊಡಿ. ಕುಳಗೇರಿ ಸುತ್ತ ಎರೆನೆಲ. ಮಳೆಗಾಲದಲ್ಲಿ ಹೊಲದ ಬದಿಗೆ ನಿಲ್ಲಿಸಿದ ಗಾಡಿಯ ಒಂದು ಚಕ್ರ ರಾತ್ರೋರಾತ್ರಿ ಹೂತು, ಸಂಜೆ ನೋಡಿದ ಮಟ್ಟ ಬೆಳಿಗ್ಗೆ ಇರುವುದಿಲ್ಲ. ಡಾಂಬರು, ಕಾಂಕ್ರೀಟು ಅಥವಾ ಗರಸು ಹಾಕಿದ ಜಾಗವೇ ಮೇಲು.

ಗಾಳಿ

ಅಮೋನಿಯಾ 50 ಡಿಗ್ರಿಯಲ್ಲಿ ದ್ರವವಾಗಬೇಕಾದರೆ ಸುಮಾರು 20 ಬಾರ್ ಒತ್ತಡ ಬೇಕು. ಬೆನ್ನಿನ ಗಾಳಿ ಬಿಸಿಯಾದಷ್ಟೂ ಬೇಕಾಗುವ ಒತ್ತಡ ಹೆಚ್ಚು. ಕಾರ್ಖಾನೆಯಲ್ಲಿ ತುಂಬಿದ ಒತ್ತಡಕ್ಕೆ ಒಂದು ಮಿತಿಯಿದೆ. ಅದಕ್ಕೇ ಚಳಿನಾಡಿನಲ್ಲಿ ಮಂಜುಗಡ್ಡೆ ಕಟ್ಟುವ ಫ್ರಿಜ್ ಇಲ್ಲಿ ಬೇಸಿಗೆಯಲ್ಲಿ ಸೋಲುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ತಗಡಿನ ಪಟ್ಟಿಯಲ್ಲಿ ಹವಾಮಾನದ ದರ್ಜೆ ನೋಡಬೇಕು. ‘ಎನ್’, ‘ಎಸ್‌ಎನ್’ ಎಂದಿದ್ದರೆ 32 ಡಿಗ್ರಿವರೆಗೆ, ‘ಎಸ್‌ಟಿ’ ಇದ್ದರೆ 38ರವರೆಗೆ, ‘ಟಿ’ ಇದ್ದರೆ 43ರವರೆಗೆ ಅದು ಕೆಲಸಕ್ಕೆ ತಕ್ಕದ್ದು. ಬಾಗಲಕೋಟೆ ಜಿಲ್ಲೆಗೆ ‘ಟಿ’ಗಿಂತ ಕಡಿಮೆಯದು ಸಾಲದು.

ಗಾಡಿಯ ಹೊರಮೈಯಲ್ಲಿ ಫ್ರಿಜ್‌ನ ಹಿಂದೆ ಕೆಳಗೊಂದು, ಮೇಲೊಂದು ಜಾಲರಿ ಕಿಂಡಿ ಇರುತ್ತದೆ. ಕೆಳಗಿನಿಂದ ಗಾಳಿ ಹೊಕ್ಕು, ರೆಕ್ಕೆಗಳ ಬಿಸಿ ಹೊತ್ತು ಮೇಲಿನಿಂದ ಹೋಗಬೇಕು. ಧೂಳು, ಹತ್ತಿಯ ಎಳೆ, ಒಣ ಎಲೆ ಇಲ್ಲಿ ಸೇರಿಕೊಳ್ಳುತ್ತವೆ. ಮೆತ್ತನೆಯ ಬ್ರಷ್‌ನಿಂದ ಆಗಾಗ ತೆಗೆಯಿರಿ. ಗಾಡಿ ತೊಳೆಸುವಾಗ ಪೈಪಿನ ನೀರು ರಭಸದಿಂದ ಈ ಕಿಂಡಿಗಳಿಗೆ ಬೀಳದಂತೆ ಹೇಳಿ. ಮೇಲಿನ ಕಿಂಡಿಯ ಬಳಿ 12 ವೋಲ್ಟಿನ ಸಣ್ಣ ಫ್ಯಾನ್ ಕೂರಿಸಿದರೆ ಬಿಸಿ ದಿನಗಳಲ್ಲಿ ಗುಣ ಕಾಣುತ್ತದೆ.

ನಿಲ್ಲಿಸುವ ದಿಕ್ಕೂ ಮುಖ್ಯ. ಬಾದಾಮಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ಭಾಗದವರೆಗೆ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ನಿಜವಾಗಿ ಸುಡುವುದು ಮಧ್ಯಾಹ್ನದ ಪಡುವಣ ಬಿಸಿಲು. ಫ್ರಿಜ್ ಇರುವ ಗೋಡೆ ಮೂಡಣಕ್ಕೆ ಮುಖ ಮಾಡಿರಲಿ.

ಉರಿ

ಬರ್ನರಿನ ಉರಿ ನೀಲಿಯಾಗಿ, ನಿಶ್ಚಲವಾಗಿ ಇರಬೇಕು. ಹಳದಿ ಉರಿ, ಮಸಿ ಎಂದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಮಾಡುತ್ತದೆ. ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿ ಒರೆಸಿ, ಚಿಮಣಿಯ ಮಸಿ ತೆಗೆಸಬೇಕು. ಗ್ಯಾಸ್ ಹೊರಡುವ ಜೆಟ್‌ನ ರಂಧ್ರಕ್ಕೆ ಪಿನ್ನು, ತಂತಿ ಹಾಕಬೇಡಿ. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಉರಿಯ ಲೆಕ್ಕ ತಪ್ಪುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ, ಊದಿ, ಒಣಗಿಸಿದರೆ ಸಾಕು.

ಹಚ್ಚುವಾಗ ಗುಂಡಿಯನ್ನು ಅರ್ಧ ನಿಮಿಷದಷ್ಟು ಒತ್ತಿ ಹಿಡಿಯಬೇಕಾಗುತ್ತದೆ. ಉರಿಯ ಪಕ್ಕದ ಥರ್ಮೋಕಪಲ್ ಕಾದು, ಅದರಿಂದ ಬರುವ ಅತಿ ಸಣ್ಣ ವಿದ್ಯುತ್ತು ಗ್ಯಾಸಿನ ಬಾಗಿಲನ್ನು ತೆರೆದಿಡುತ್ತದೆ. ಗಾಳಿಗೆ ಉರಿ ಆರಿದರೆ ಅದು ತಣಿದು ಬಾಗಿಲು ತಾನೇ ಮುಚ್ಚುತ್ತದೆ. ಕೈ ಬಿಟ್ಟೊಡನೆ ಉರಿ ಆರುತ್ತಿದ್ದರೆ ಥರ್ಮೋಕಪಲ್ ಸರಿದಿದೆಯೋ, ಸವೆದಿದೆಯೋ ನೋಡಿಸಿ. ಗುಂಡಿಗೆ ಕಡ್ಡಿ ಸಿಕ್ಕಿಸಿ ಕೂರಿಸುವ ಉಪಾಯಕ್ಕೆ ಹೋಗಬೇಡಿ.

ಹೊಗೆ ಗಾಡಿಯೊಳಗೆ ಬರಕೂಡದು. ಫ್ರಿಜ್‌ನ ಬೆನ್ನಿನ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಸಂದು ಉಳಿಯದಂತೆ ಮುಚ್ಚಿರಬೇಕು. ಅರೆಬರೆ ಉರಿಯುವ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ಗಾಡಿಯಲ್ಲಿ ಇರಲೇಬೇಕು.

ಸಿಲಿಂಡರ್

ಪರದೇಶದ ಸಿಲಿಂಡರ್ ಇಲ್ಲಿ ತುಂಬಿಸಲಾಗದು. ಗಾಡಿಗೆ ಅನುಕೂಲವಾದದ್ದು ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕಿಲೋ ಸಿಲಿಂಡರ್. ಸಣ್ಣ ಫ್ರಿಜ್ ದಿನಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋದೊಳಗೆ ಗ್ಯಾಸ್ ಉರಿಸುತ್ತದೆ. ಹತ್ತು ದಿನಕ್ಕೆ ಕಡಿಮೆಯಿಲ್ಲದೆ ಬರುತ್ತದೆ. ಫ್ರಿಜ್‌ನ ಪಟ್ಟಿಯಲ್ಲಿ ಬರೆದ ಒತ್ತಡವನ್ನು ರೆಗ್ಯುಲೇಟರಿನ ಒತ್ತಡಕ್ಕೆ ಹೋಲಿಸಿ ನೋಡಿ. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡುವುದು ಸುಮಾರು 30 ಮಿಲಿಬಾರ್. ಹಲವು ಫ್ರಿಜ್‌ಗಳು ಅಷ್ಟನ್ನೇ ಕೇಳುತ್ತವೆ, ಯುರೋಪಿನ ಕೆಲವು ಹಳೆಯವು 50 ಕೇಳುತ್ತವೆ.

ಸಿಲಿಂಡರಿನ ಕತ್ತಿನ ಬಳಿಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ಇಸವಿ ಇರುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಮುಂದಿನ ತಪಾಸಣೆಯ ಗಡುವು ಅದು. ಗಡುವು ದಾಟಿದ್ದನ್ನು ತೆಗೆದುಕೊಳ್ಳಬೇಡಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಸೋರಿಕೆಯನ್ನು ಸೋಪಿನ ನೀರಿನಿಂದ ನೋಡಿ, ಕಡ್ಡಿ ಗೀರಿ ನೋಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಸೋರಿಕೆಗೆ ಸಹಾಯವಾಣಿ 1906.

ಗಾಡಿ ಹೊರಡುವ ಮೊದಲು ಸಿಲಿಂಡರ್ ಬಂದ್ ಮಾಡಿ. ಪೆಟ್ರೋಲ್ ಬಂಕಿನೊಳಗೆ ಬರ್ನರ್ ಉರಿಯುತ್ತಿರುವುದಕ್ಕಿಂತ ದೊಡ್ಡ ಅಪಾಯ ಬೇರಿಲ್ಲ. ಓಡುವಾಗ ಫ್ರಿಜ್ ಅನ್ನು ಬರ್ನರಿನ ಬದಲು 12 ವೋಲ್ಟಿನ ಹೀಟರಿನಿಂದ ನಡೆಸಬಹುದು. ನಿಂತ ಮೇಲೆ ಅದನ್ನು ತಪ್ಪದೆ ಆರಿಸಿ. ಆ ಹೀಟರ್ 10 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತದೆ. ಎಂಜಿನ್ ನಿಂತರೆ 100 ಆಂಪಿಯರ್-ಅವರ್ ಬ್ಯಾಟರಿ ಐದಾರು ಗಂಟೆಯಲ್ಲಿ ಸೊರಗುತ್ತದೆ.

ದಿನದ ಬಳಕೆ

ಈ ಫ್ರಿಜ್ ನಿಧಾನದ್ದು. ಹೊರಡುವ ಹಿಂದಿನ ದಿನವೇ ಹಚ್ಚಿ, ಮನೆಯ ಫ್ರಿಜ್‌ನಲ್ಲಿ ತಣಿಸಿದ್ದನ್ನೇ ಅದರೊಳಗಿಡಿ. ಬಿಸಿ ಪಲ್ಯ ಇಟ್ಟರೆ ಅದನ್ನು ತಣಿಸಲು ಅರ್ಧ ದಿನ ಬೇಕು. ಪಾತ್ರೆಗಳ ನಡುವೆ ಗಾಳಿ ಆಡಲಿ. ಒಳಗಿನ ರೆಕ್ಕೆಗಳ ಮೇಲೆ ಹಿಮ ಕಟ್ಟಿದರೆ ಆರಿಸಿ ಕರಗಿಸಿ, ಚಾಕು ಹಾಕಿ ಕೆರೆಯಬೇಡಿ. ಬಾಗಿಲಿನ ರಬ್ಬರಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ತಂಪು ಅಲ್ಲೇ ಸೋರುತ್ತಿದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಅದನ್ನು ರೆಕ್ಕೆಗಳಿಂದ ದೂರವಿಟ್ಟು ಪಕ್ಕದಲ್ಲೊಂದು ಥರ್ಮಾಮೀಟರ್ ಇಡಿ. ಪ್ರವಾಸ ಮುಗಿದ ಮೇಲೆ ಅಡುಗೆ ಸೋಡಾದ ನೀರಿನಿಂದ ಒರೆಸಿ, ಬಾಗಿಲು ಸ್ವಲ್ಪ ತೆರೆದೇ ಬಿಡಿ. ಮುಚ್ಚಿದರೆ ಬೂಸಲು ಬರುತ್ತದೆ.

ಕೈಬಿಡಬೇಕಾದ ಹೊತ್ತು

ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ, ಬೆನ್ನಿನ ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಜಾಲ ಒಡೆದಿದೆ. ಆ ಹಳದಿ ಸೋಡಿಯಂ ಕ್ರೋಮೇಟ್. ಕ್ಯಾನ್ಸರ್ ತರಬಲ್ಲದು, ಬರಿಗೈಯಲ್ಲಿ ಮುಟ್ಟಬಾರದು. ಗ್ಯಾಸ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗಿಳಿಯಿರಿ. ಊರಿನ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸುವ ಮಾತೇ ಬೇಡ: ಒಳಗೆ ಒತ್ತಡದಲ್ಲಿ ಹೈಡ್ರೋಜನ್ ಇರುತ್ತದೆ. ಜಾಲವನ್ನೇ ಬದಲಿಸಬೇಕು.

ಹೊಸದಾಗಿ ಗಾಡಿ ಕಟ್ಟಿಸುವವರು ಇದನ್ನೇ ಆರಿಸಬೇಕೆ? ಇಷ್ಟೇ ತಂಪಿಗೆ ಕಂಪ್ರೆಸರ್ ಫ್ರಿಜ್ ಬಳಸುವ ಶಕ್ತಿ ಇದರ ಕೆಲವೇ ಪಾಲು. ವಾಲಿದರೂ ಅದು ಕೆಡುವುದಿಲ್ಲ, 40 ಡಿಗ್ರಿಯಲ್ಲೂ ದುಡಿಯುತ್ತದೆ. ಬಾದಾಮಿಯ ಬಿಸಿಲು ಸೋಲಾರ್ ಫಲಕಕ್ಕೆ ಅನ್ನವಿದ್ದ ಹಾಗೆ. ಈ ಸೀಮೆಗೆ ಸೋಲಾರ್ ಮತ್ತು ಕಂಪ್ರೆಸರ್ ಜೋಡಿಯೇ ಸರಿ. ಗ್ಯಾಸ್ ಫ್ರಿಜ್‌ನ ಲಾಭ ಕಾಣುವುದು ಮೋಡ ಮುಸುಕಿದ ಮಲೆನಾಡಿನಂಥ ಕಡೆ, ಕರೆಂಟಿಲ್ಲದೆ ವಾರಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವವರಿಗೆ, ರಾತ್ರಿ ಸದ್ದು ಬೇಡದವರಿಗೆ. ಈಗಾಗಲೇ ಗಾಡಿಯಲ್ಲಿ ಇದ್ದರೆ ಬಿಸಾಡಬೇಕಿಲ್ಲ. ಮಟ್ಟ, ಗಾಳಿ, ಉರಿ ನೋಡಿಕೊಂಡವರ ಬಳಿ ಇಪ್ಪತ್ತು ವರ್ಷ ದುಡಿದ ಪೆಟ್ಟಿಗೆಗಳಿವೆ.