ಮೂರ್ತಿಯ ಹೊಟ್ಟೆಯೊಳಗೆ ಏನಿದೆ?

ದೊಡ್ಡ ಮೂರ್ತಿಯೊಂದು ಎದ್ದು ನಿಂತಿತೆಂದರೆ ನಾವು ಮೊದಲು ಕೇಳುವುದು ಎತ್ತರ, ಆಮೇಲೆ ಖರ್ಚು. ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಬೆಂಗಳೂರು ವಿಮಾನ ನಿಲ್ದಾಣದ ಬಳಿ 2022ರ ನವೆಂಬರ್ 11ರಂದು ಅನಾವರಣಗೊಂಡ, ರಾಮ್ ಸುತಾರ್ ರೂಪಿಸಿದ 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನೇ ನೋಡಿ. ಅದಕ್ಕೆ ಬಳಸಿದ ಕಂಚು 98 ಟನ್, ಉಕ್ಕು 120 ಟನ್. ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದರ ತೂಕವೇ ಹೆಚ್ಚು! ಕಾರಣ ಸರಳ ಲೆಕ್ಕದಲ್ಲಿದೆ. ಆಕಾರ ಹಾಗೇ ಇಟ್ಟು ಎತ್ತರವನ್ನು ಇಮ್ಮಡಿ ಮಾಡಿದರೆ ಗಾಳಿಗೆ ಒಡ್ಡುವ ಮೈ ನಾಲ್ಕು ಪಟ್ಟಾಗುತ್ತದೆ. ಅದೇ ಗಾಳಿ ಮೂರ್ತಿಯನ್ನು ಬುಡಮೇಲು ಮಾಡಲು ಹಾಕುವ ತಿರುಗುಬಲ ಎಂಟು ಪಟ್ಟಾಗುತ್ತದೆ. ಅಷ್ಟನ್ನೂ ಹೊರುವುದು ಮುಖದ ಕಳೆಯಲ್ಲ, ವೆಲ್ಡಿಂಗ್ ಮಾಡಿದವನ ಕೈ.

ಲೋಂಡಾ, ಖಾನಾಪುರದ ಸೀಮೆಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಮಳೆ ಬಿಡುವು ಕೊಡುವುದಿಲ್ಲ. ಇಲ್ಲಿ ರೆಸಾರ್ಟ್ ಬಾಗಿಲಿಗೆ ಒಂದು ಕಾಡುಕೋಣ ನಿಲ್ಲಿಸುವುದಾದರೂ ನೀರಿನ ದಾರಿ ಮೊದಲು ಯೋಚಿಸಬೇಕು. ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಥರ್ಮಕೋಲ್ ಇಲ್ಲವೇ ಜೇಡಿಮಣ್ಣಿನಲ್ಲಿ ಮಾದರಿ ಕೆತ್ತಿ, ಅದರಿಂದ ಅಚ್ಚು ತೆಗೆದು, ಅಚ್ಚಿನೊಳಗೆ ಗಾಜಿನ ನಾರಿನ (ಫೈಬರ್) ಹಾಸನ್ನು ರೆಸಿನ್‌ನಲ್ಲಿ ಅದ್ದಿ ಪದರ ಪದರವಾಗಿ ಹಚ್ಚುತ್ತಾರೆ. ಗಟ್ಟಿಯಾದ ತುಂಡುಗಳನ್ನು ಲಾರಿಗೆ ಹಿಡಿಸುವ ಅಳತೆಯಲ್ಲಿ ಸಾಗಿಸಿ, ಜಾಗದಲ್ಲಿ ಕಬ್ಬಿಣದ ಚೌಕಟ್ಟಿಗೆ ಜೋಡಿಸಿ, ಸಂದು ಮುಚ್ಚಿ ಬಣ್ಣ ಬಳಿಯುತ್ತಾರೆ. ಆ ಸಂದುಗಳಲ್ಲೇ ನೀರು ಇಳಿಯುತ್ತದೆ. ಇಳಿದ ನೀರಿಗೆ ಬುಡದಲ್ಲಿ ತೂತು ಇಲ್ಲದಿದ್ದರೆ ಚೌಕಟ್ಟು ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಘಟ್ಟದ ಆಚೆಯ ಮಾಲ್ವಣದ ರಾಜಕೋಟ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಕುಸಿಯಿತು. ಒಂದು ಮಳೆಗಾಲವನ್ನೂ ಅದು ಪೂರ್ತಿ ದಾಟಲಿಲ್ಲ. ನಟ್ಟು ಬೋಲ್ಟುಗಳು ತುಕ್ಕು ಹಿಡಿದಿವೆಯೆಂಬ ಎಚ್ಚರಿಕೆ ಮೊದಲೇ ಬಂದಿತ್ತು.

ಹಾಗಾದರೆ ಕಲ್ಲಿನಲ್ಲೇ ಕೆತ್ತಿಸಬಾರದೇಕೆ, ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷದಿಂದ ನಿಂತಿಲ್ಲವೇ ಎಂದು ಕೇಳಬಹುದು. ನಿಂತಿದ್ದಾನೆ, ಆದರೆ ಅವನು ಬೆಟ್ಟದ ಬಂಡೆಯ ಭಾಗವಾಗಿಯೇ ಮೂಡಿದವನು. ಅವನಿಗೆ ಸಂದೂ ಇಲ್ಲ, ಬೋಲ್ಟೂ ಇಲ್ಲ. ಅಂಥ ಬಂಡೆ, ಅಂಥ ಕಾಲ, ಅಂಥ ದುಡ್ಡು ಎಲ್ಲ ಕಡೆ ಸಿಗುವುದಿಲ್ಲ. ಇನ್ನು ಫೈಬರ್ ಎಂದರೆ ಮೋಸ ಎನ್ನುವವರಿದ್ದಾರೆ. ಮೋಸ ಇರುವುದು ವಸ್ತುವಿನಲ್ಲಲ್ಲ, ಅದನ್ನು ಬೇರೇನೋ ಎಂದು ಹೇಳುವುದರಲ್ಲಿ. ಕಾರ್ಕಳದ ಉಮಿಕ್ಕಳ ಬೆಟ್ಟದಲ್ಲಿ 2023ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮ ಮೂರ್ತಿ ಕಂಚಿನದೋ ಅಲ್ಲವೋ ಎಂಬ ಜಗಳ ಎದ್ದು, ಅದೇ ವರ್ಷ ಅದರ ಮೇಲ್ಭಾಗವನ್ನು ಕಳಚಿ ಇಳಿಸಬೇಕಾಯಿತು. ಶಿಗ್ಗಾವಿ ಬಳಿಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಟಿ.ಬಿ. ಸೊಲಬಕ್ಕನವರ ತಂಡ ಹಳ್ಳಿಯ ಬದುಕನ್ನು ಸಿಮೆಂಟಿನಲ್ಲೇ ಕಡೆದು ನಿಲ್ಲಿಸಿತು. ಅವು ಸಿಮೆಂಟಿನವೆಂದು ನೋಡಿದವರಿಗೆಲ್ಲ ಗೊತ್ತು. ಯಾರಿಗೂ ಅದರಿಂದ ಬೇಸರವಾಗಿಲ್ಲ. ಅಲ್ಲಿನ ಹೆಚ್ಚಿನ ಆಕೃತಿಗಳು ಆಳೆತ್ತರದವು, ಬಿರುಕು ಬಿಟ್ಟರೆ ಕೈಗೆ ನಿಲುಕುತ್ತವೆ. ಇದೊಂದು ಜಾಣತನ, ಎತ್ತರದ ಪೈಪೋಟಿಗೆ ಬಿದ್ದವರು ಮರೆತದ್ದು.

ತುಕ್ಕು ತಡೆಯಲು ಚೌಕಟ್ಟಿಗೆ ಸತುವಿನ ಲೇಪ ಹಾಕಿಸಿದರೆ ವೆಚ್ಚ ಏರುತ್ತದೆ, ಬಜೆಟ್ ಸಾಲದು ಎಂಬ ತಕರಾರು ನಿಜವೇ. ಸಾಲದಿದ್ದರೆ ಮೂರ್ತಿಯನ್ನು ಹತ್ತು ಅಡಿ ಕುಗ್ಗಿಸಬಹುದು, ಲೇಪ ಬಿಡುವುದಲ್ಲ. ಒಳಾಂಗಣದ ಅಲಂಕಾರಕ್ಕೆ ಶತ್ರು ಬೇರೆ. ಹೋಟೆಲಿನೊಳಗೆ ಗುಹೆ, ಕಾಡು, ಬಂಡೆ ಎಂದು ಕಟ್ಟುವಾಗ ಮಳೆಯ ಹೆದರಿಕೆಯಿಲ್ಲ, ಬೆಂಕಿಯದ್ದಿದೆ. ಥರ್ಮಕೋಲ್ ಬಲು ಬೇಗ ಹೊತ್ತಿಕೊಳ್ಳುತ್ತದೆ, ಸಾಮಾನ್ಯ ರೆಸಿನ್ ದಟ್ಟ ಕಪ್ಪು ಹೊಗೆ ಬಿಡುತ್ತದೆ. ಬೆಂಕಿ ತಡೆಯುವ ರೆಸಿನ್ ಸಿಗುತ್ತದೆ; ಯಾವುದನ್ನು ಬಳಸಿದ್ದೀರಿ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳುವ ಹಕ್ಕು ಹಣ ಕೊಡುವವರಿಗೆ ಇದೆ.