ನಾಗವಲ್ಲಿಗೆ ತೆಲುಗು ಬಂದದ್ದು ಹೇಗೆ?

‘ಆಪ್ತಮಿತ್ರ’ದ ನಾಗವಲ್ಲಿ ತೆಲುಗು ಮಾತಾಡುತ್ತಾಳೆ. ಕನ್ನಡ ಸಿನಿಮಾದಲ್ಲಿ ತೆಲುಗು ಯಾಕೆ ಅಂದರೆ, ಉತ್ತರ ಸಿಗುವುದು ಕೇರಳದಲ್ಲಿ.

ಮೂಲ ಚಿತ್ರ 1993ರ ‘ಮಣಿಚಿತ್ರತಾಳ್’. ಬರೆದವರು ಮಧು ಮುಟ್ಟಂ, ನಿರ್ದೇಶಕ ಫಾಸಿಲ್. ಅಲ್ಲಿ ನಾಗವಲ್ಲಿ ತಂಜಾವೂರಿನಿಂದ ಕರೆತಂದ ನರ್ತಕಿ, ಅವಳದು ತಮಿಳು. ಮಲಯಾಳಿ ಮನೆಯ ಸೊಸೆ ಗಂಗಾ ತಾನೇ ನಾಗವಲ್ಲಿ ಎಂದುಕೊಂಡು ಇದ್ದಕ್ಕಿದ್ದಂತೆ ತಮಿಳಿನಲ್ಲಿ ಅಬ್ಬರಿಸಿದಾಗಲೇ ಎದೆ ಝಲ್ಲೆನ್ನುವುದು. 2004ರ ‘ಆಪ್ತಮಿತ್ರ’ದಲ್ಲಿ ಪಿ. ವಾಸು ಆ ಗುಟ್ಟನ್ನು ಹಾಗೇ ಉಳಿಸಿಕೊಂಡು ಭಾಷೆಯನ್ನಷ್ಟೇ ತೆಲುಗಿಗೆ ಬದಲಿಸಿದರು. ಮರುವರ್ಷ ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗ ನರ್ತಕಿ ತೆಲುಗಿನವಳಾಗಿಯೇ ಉಳಿದಳು. ತಮಿಳರಿಗೆ ತಮಿಳು ಕೇಳಿ ಭಯವೇನು? 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಪ್ರಿಯದರ್ಶನ್ ಅವಳನ್ನು ಬಂಗಾಳಿ ಮಾಡಿದರು.

ಭಾಷೆಯ ವಿಷಯದಲ್ಲಿ ವಾಸು ಅವರ ಲೆಕ್ಕಾಚಾರ ಸರಿ. ಹಾವಿನ ವಿಷಯದಲ್ಲಿ ಅಲ್ಲ. ‘ಆಪ್ತಮಿತ್ರ’ದ ಅರಮನೆಯಲ್ಲಿ ಹರಿದಾಡುವ ಆ ದೊಡ್ಡ ನಾಗರಹಾವು ಮೂಲದಲ್ಲಿಲ್ಲ, ಕಥೆಗೆ ಬೇಕಾಗಿಯೂ ಇರಲಿಲ್ಲ. ಇನ್ನೂ ದೊಡ್ಡ ವ್ಯತ್ಯಾಸ ನಾಯಕನದು. ಮಲಯಾಳದಲ್ಲಿ ವೈದ್ಯನ ಪಾತ್ರದ ಮೋಹನ್‌ಲಾಲ್ ತೆರೆಗೆ ಬರುವುದೇ ತಡವಾಗಿ. ಕೊನೆಯಲ್ಲಿ ನಾಗವಲ್ಲಿಯ ಕತ್ತಿಗೆ ಮೈಯೊಡ್ಡಿ ಮಲಗುವವನೂ ಗಂಡ ನಕುಲನ್. ವೈದ್ಯ ಪಕ್ಕದಲ್ಲಿ ನಿಂತು ಸೂತ್ರ ಆಡಿಸುತ್ತಾನೆ. ಕನ್ನಡದಲ್ಲಿ ನಾಗವಲ್ಲಿಯ ದ್ವೇಷಕ್ಕೆ ಗುರಿಯಾದ ರಾಜನ ವೇಷ ತೊಟ್ಟು ವಿಷ್ಣುವರ್ಧನ್ ಅವರೇ ಮುಂದೆ ಬರುತ್ತಾರೆ. ಅಭಿಮಾನಿಗಳಿಗೆ ಹಬ್ಬ, ನಿಜ. ಆದರೆ ಹೆಂಡತಿಗಾಗಿ ಪ್ರಾಣ ಪಣಕ್ಕಿಡುವ ಗಂಡ ಇಲ್ಲಿ ಮಂಕಾದ.

ಎರಡು ಚಿತ್ರಗಳಲ್ಲೂ ಕುಸಿಯದೆ ನಿಂತದ್ದು ಮಂಚದ ದೃಶ್ಯ. ಅಂಗಡಿಗೆ ಹೊರಟ ಹೆಂಡತಿಯನ್ನು ಗಂಡ ಬೇಡ ಎಂದು ತಡೆಯುತ್ತಾನೆ. ಮೊದಲು ಬರೀ ಮುನಿಸು. ಆಮೇಲೆ ದನಿ ಒರಟಾಗುತ್ತದೆ, ಕಣ್ಣು ಅಗಲವಾಗುತ್ತದೆ, ಭಾರದ ಮಂಚ ಮೇಲೇಳುತ್ತದೆ. ಗಂಡ ಕೂಗಿ ಕರೆದೊಡನೆ ಏನೂ ಅರಿಯದವಳಂತೆ ಅವನ ಮುಖ ನೋಡುತ್ತಾಳೆ. ಮಲಯಾಳದಲ್ಲಿ ಶೋಭನಾ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ಸೌಂದರ್ಯ ಆ ಅಭಿನಯವನ್ನು ಅನುಕರಿಸಲಿಲ್ಲ. ಅವರ ಗಂಗಾ ಹೆಚ್ಚು ಮುಗ್ಧೆ, ಹಾಗಾಗಿ ಸಿಟ್ಟು ಬಂದಾಗ ಹೆಚ್ಚು ಅನಿರೀಕ್ಷಿತ. ತಮ್ಮ ಈ ಗೆಲುವನ್ನು ನೋಡಲು ಅವರಿರಲಿಲ್ಲ. ಚಿತ್ರ ತೆರೆಕಾಣುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ವಿಮಾನ ದುರಂತದಲ್ಲಿ ತೀರಿಕೊಂಡರು.

ಅಂದಹಾಗೆ, ಮಲಯಾಳದಲ್ಲಿ ನಾಗವಲ್ಲಿಯ ಜೊತೆ ಕುಣಿದವರು ನಮ್ಮ ಶ್ರೀಧರ್, ‘ಸಂತ ಶಿಶುನಾಳ ಶರೀಫ’ದ ಶ್ರೀಧರ್.

ಚಿತ್ರವಾಗಿ ಮಲಯಾಳದ್ದೇ ಒಂದು ಕೈ ಮೇಲು. ‘ಆಪ್ತಮಿತ್ರ’ವನ್ನು ಮತ್ತೆ ನೋಡುವುದಿದ್ದರೆ ಸೌಂದರ್ಯಗಾಗಿ ನೋಡಿ, ಹಾವು ಬಂದಾಗ ಎದ್ದು ಕಾಫಿ ಮಾಡಿಕೊಳ್ಳಿ.